ಲಕ್ಷಣ ಬರೆದು ಮಾರ್ಕ್ಸ್ ತಗೊಂಡವಳು

ಎರಡು ತಿಂಗಳ ಹಿಂದೆ ಒಬ್ಬ ಹುಡುಗಿ ಅಮ್ಮನ ಜೊತೆ ಬಂದಿದ್ದಳು (ಗುರುತು ಬದಲಿಸಿದ್ದೇನೆ). ಬಿಎಸ್‌ಸಿ ನರ್ಸಿಂಗ್ ಮುಗಿದು ಹತ್ತು ತಿಂಗಳು. ತಲೆನೋವು, ನಿದ್ದೆ ಇಲ್ಲ, ಸರಿಯಾಗಿ ಊಟ ಮಾಡಲ್ಲ ಎಂದರು ಅಮ್ಮ. ಅವರನ್ನು ಹೊರಗೆ ಕೂರಿಸಿದ ಮೇಲೆ ಹುಡುಗಿ ಬಾಯಿ ಬಿಟ್ಟಳು. "ಡಾಕ್ಟ್ರೇ, ಖಿನ್ನತೆಯ ಲಕ್ಷಣ ಬರೆಯಿರಿ ಅಂತ ಪರೀಕ್ಷೆಯಲ್ಲಿ ಕೇಳಿದ್ದರು. ಎಲ್ಲಾ ಬರೆದಿದ್ದೆ. ಈಗ ಎಲ್ಲಾ ನನಗೇ ಇದೆ."

ಗೊತ್ತಿದ್ದೂ ಇಷ್ಟು ದಿನ ಯಾಕೆ ಬರಲಿಲ್ಲ? ನಾಚಿಕೆ. ರೋಗಿ ನೋಡಬೇಕಾದವಳೇ ರೋಗಿಯಾದರೆ ಹೇಗೆ ಅಂತ. ಊರಿನವರು ಬೇರೆ, "ಆಸ್ಪತ್ರೆ ಕೆಲಸಕ್ಕೇನು ಬರ?" ಅಂತಾರೆ. ಹೊಸಬರಿಗೆ ಬರ ಇದೆ. ಹೋದಲ್ಲೆಲ್ಲ ಅನುಭವ ಕೇಳುತ್ತಾರೆ. ಕೆಲಸವನ್ನೇ ಕೊಡದೆ ಅನುಭವ ಎಲ್ಲಿಂದ ಬರಬೇಕು? ಎಂಬಿಬಿಎಸ್ ಮುಗಿಸಿದವರದು ಇನ್ನೊಂದು ಪಾಡು. ಪಿಜಿ ನೀಟ್‌ಗೆಂದು, ಅಂದರೆ ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಗೆಂದು, ಕೋಣೆ ಬಾಗಿಲು ಹಾಕಿಕೊಂಡು ಕೂರುತ್ತಾರೆ. 2024ರಲ್ಲಿ ಜೂನ್ 23ಕ್ಕಿದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರು. ನಡೆದದ್ದು ಆಗಸ್ಟ್ 11ಕ್ಕೆ.

ದುಡ್ಡಿನ ಮಾತು ಕೇಳದೆ ನಾನು ಔಷಧಿ ಚೀಟಿ ಬರೆಯುವುದಿಲ್ಲ. ಇವಳಿಗೆ ಶಿಕ್ಷಣ ಸಾಲವಿತ್ತು, ಕಂತು ಶುರುವಾಗಲು ಎರಡೇ ತಿಂಗಳು ಬಾಕಿ. ರಾಜ್ಯ ಸರ್ಕಾರದ ಯುವನಿಧಿಗೆ ಅರ್ಜಿ ಹಾಕಿದೆಯಾ ಎಂದೆ. ಪಾಸಾಗಿ 180 ದಿನ ಕಳೆದರೂ ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಹಾಕಿರಲಿಲ್ಲ. "ಹಾಕಿದರೆ ನಿರುದ್ಯೋಗಿ ಅಂತ ನಾನೇ ಒಪ್ಪಿಕೊಂಡ ಹಾಗೆ ಅಲ್ವಾ?"

ಅಮ್ಮನನ್ನು ಒಳಗೆ ಕರೆದೆ. ಪಾಪ, ಅವರು ದಿನಾ ಧೈರ್ಯ ಹೇಳುತ್ತಿದ್ದರು. ಯಾರದೋ ಮಗಳು ಜರ್ಮನಿಗೆ ಹೋದ ಕಥೆಯೂ ಅದರಲ್ಲೇ ಇರುತ್ತಿತ್ತು! ನಮ್ಮಲ್ಲಿ ಆಸರೆ ಅಂದರೆ ಬುದ್ಧಿ ಹೇಳುವುದು ಅಂದುಕೊಂಡಿದ್ದೇವೆ. ಈ ಮಕ್ಕಳಿಗೆ ಬುದ್ಧಿಗೆ ಕೊರತೆಯಿಲ್ಲ, ಜೊತೆಗಿರುವವರದೇ ಕೊರತೆ. ಹದಿನೈದು ದಿನ ಕೆಲಸದ ಸುದ್ದಿಯೇ ಎತ್ತಬೇಡಿ, ಸುಮ್ನೆ ಸಂಜೆ ಒಟ್ಟಿಗೆ ನಡೆದು ಬನ್ನಿ ಎಂದೆ. ಹುಡುಗಿಗೆ ಮಾತ್ರೆ ಬರೆದೆ. ಕೆಲಸ ಸಿಗದ ಒಬ್ಬ ಕ್ಲಾಸ್‌ಮೇಟ್‌ಗೆ ಫೋನ್ ಮಾಡು ಎಂದೂ ಹೇಳಿದೆ. ಕೆಲಸ ಸಿಕ್ಕವರಿಗಲ್ಲ.

ಬೇಜಾರು ಎರಡು ವಾರ ದಾಟಿ, ನಿದ್ದೆ, ಊಟ ಕೆಟ್ಟಿದ್ದರೆ ವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರೆ ಅವತ್ತೇ ಬನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋದ ವಾರ ಮತ್ತೆ ಬಂದಿದ್ದಳು. ಕೆಲಸ ಇನ್ನೂ ಸಿಕ್ಕಿಲ್ಲ, ನಿದ್ದೆ ಬರುತ್ತಿದೆ. ಯುವನಿಧಿ ಅರ್ಜಿಯನ್ನು ಆ ಗೆಳತಿಯ ಜೊತೆ ಹೋಗಿ ಹಾಕಿದಳಂತೆ. ಇಬ್ಬರದೂ ಒಂದೇ ದಿನ.