ಏಟಿನ ಸುದ್ದಿ ಓಡುವ ಸರಳು

‘ಉಕ್ಕಿನ ಬಲ ಎಷ್ಟು?’ ಎಂದರೆ ಒಂದೇ ಅಂಕಿ ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಡಿಮಿಡಿ. ಎಷ್ಟು ಬೇಗ ಹೊಡೆದರೆ ಎಂದು ಮೊದಲು ಕೇಳಬೇಡವೇ? ಬೆಲ್ಲದ ಪಾಕವನ್ನು ಬೆರಳ ನಡುವೆ ಮೆಲ್ಲಗೆ ಬಿಡಿಸಿದರೆ ಎಳೆ ಬರುತ್ತದೆ, ಥಟ್ಟನೆ ಎಳೆದರೆ ಕಡಿಯುತ್ತದೆ. ಮೆದು ಉಕ್ಕಿನದು ಬೇರೆ ಹಟ: ನಿಧಾನವಾಗಿ ಎಳೆದಾಗ ಮಣಿಯುವ ಒತ್ತಡದ ಸುಮಾರು ಎರಡು ಪಟ್ಟನ್ನು ಅದು ಜೋರಾದ ಏಟಿನಲ್ಲಿ ತಡೆದುಕೊಳ್ಳುತ್ತದೆ.

1872ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಹಾಪ್‌ಕಿನ್ಸನ್ ಕಬ್ಬಿಣದ ತಂತಿ ತೂಗುಹಾಕಿ, ಅದರ ಕೆಳತುದಿಗೆ ತೂಕ ಬೀಳಿಸಿ ನೋಡಿದರು. ತಂತಿ ತುಂಡಾಗಲು ಎಷ್ಟು ಎತ್ತರದಿಂದ ಬೀಳಿಸಬೇಕೆಂಬುದು ತೂಕವನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ! ಕಾರಣ ಇಷ್ಟೆ: ಏಟು ಬಿದ್ದ ಕ್ಷಣದಲ್ಲಿ ತಂತಿಯ ಮೇಲ್ಭಾಗಕ್ಕೆ ಅದರ ಸುದ್ದಿಯೇ ತಲುಪಿರುವುದಿಲ್ಲ. ಎಂಜಿನ್ ಜಗ್ಗಿದಾಗ ಗೂಡ್ಸ್ ರೈಲಿನ ಕೊಂಡಿಗಳು ಒಂದಾದ ಮೇಲೊಂದು ‘ಟಕ್ ಟಕ್’ ಎಂದು ಬಿಗಿಯುತ್ತ ಹೋಗುವುದಿಲ್ಲವೇ, ಹಾಗೆ. ಮೊದಲ ಸೆಳೆತ ಎಷ್ಟೆಂಬುದನ್ನು ತೀರ್ಮಾನಿಸುವುದು ವೇಗ.

ಮಗ ಬರ್ಟ್ರಮ್ 1914ರಲ್ಲಿ ಇನ್ನೂ ಚೆಂದದ ಉಪಾಯ ಹೂಡಿದರು. ಅಡ್ಡಡ್ಡ ತೂಗುಬಿಟ್ಟ ಉಕ್ಕಿನ ಸರಳಿನ ಒಂದು ತುದಿಗೆ ಗುಂಡು ಹೊಡೆಯುವುದು. ಇನ್ನೊಂದು ತುದಿಗೆ ಅದೇ ದಪ್ಪದ ಗಿಡ್ಡ ತುಂಡೊಂದನ್ನು ಹಗುರವಾಗಿ ಅಂಟಿಸಿರುವುದು. ಒತ್ತಡದ ಅಲೆ ಆ ತುಂಡಿನೊಳಗೆ ಹೋಗಿ, ಕೊನೆಯಿಂದ ಸೆಳೆತವಾಗಿ ವಾಪಸು ಬಂದಾಗ ಅಂಟು ಬಿಟ್ಟು ತುಂಡು ಹಾರುತ್ತದೆ. ಸಾಲಾಗಿಟ್ಟ ಗೋಲಿಗಳಲ್ಲಿ ಕೊನೆಯದು ಸಿಡಿದಂತೆ! ತುಂಡಿನ ಉದ್ದ ಬದಲಿಸುತ್ತ ಹೋದರೆ ಏಟು ಎಷ್ಟು ಹೊತ್ತು ಇತ್ತೆಂಬುದೂ ಸಿಗುತ್ತದೆ. ವಿದ್ಯುನ್ಮಾನ ಉಪಕರಣಗಳಿಲ್ಲದ ಕಾಲದಲ್ಲಿ ಇದು! ಈ ಮನುಷ್ಯ 1918ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

1949ರಲ್ಲಿ ಹರ್ಬರ್ಟ್ ಕೋಲ್‌ಸ್ಕಿ ಎರಡು ಸರಳುಗಳ ನಡುವೆ, ಪರೀಕ್ಷಿಸಬೇಕಾದ ವಸ್ತುವಿನ ಚಿಕ್ಕ ಬಿಲ್ಲೆಯನ್ನಿಟ್ಟರು. ಅಲೆ ಬಿಲ್ಲೆಗೆ ಬಡಿದಾಗ ಒಂದಿಷ್ಟು ದಾಟುತ್ತದೆ, ಒಂದಿಷ್ಟು ಬಾವಿಯೊಳಗೆ ಕೂಗಿದ ದನಿಯಂತೆ ಹಿಂತಿರುಗುತ್ತದೆ. ದಾಟಿದ್ದು ಬಿಲ್ಲೆ ಎಷ್ಟು ಬಲ ತಡೆಯಿತೆಂದು ಹೇಳಿದರೆ, ತಿರುಗಿ ಬಂದದ್ದು ಅದು ಎಷ್ಟು ಬೇಗ ಕುಗ್ಗಿತೆಂದು ಹೇಳುತ್ತದೆ. ಬಿಲ್ಲೆಯನ್ನು ಮುಟ್ಟದೆಯೇ ಅದರ ಗುಣ ಬಯಲು! ಈಗ ಸರಳುಗಳಿಗೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳು, ಅಂದರೆ ಸರಳು ಚೂರೇ ಹಿಗ್ಗಿ ಕುಗ್ಗಿದರೂ ಅಳೆಯುವ ಪುಟ್ಟ ಸಾಧನಗಳು, ಈ ಅಲೆಗಳನ್ನು ದಾಖಲಿಸುತ್ತವೆ. ಉಕ್ಕಿನಲ್ಲಿ ಅಲೆಯ ಓಟ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್. 25 ಸೆಂಟಿಮೀಟರ್ ಉದ್ದದ ಉಕ್ಕಿನ ಕೋಲು ಬಂದು ಸರಳಿಗೆ ಬಡಿದರೆ ಏಟಿನ ಆಯಸ್ಸು, ಅಲೆ ಕೋಲಿನೊಳಗೆ ಒಮ್ಮೆ ಹೋಗಿಬರುವಷ್ಟು ಹೊತ್ತು: ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು.

ಒಂದು ತೊಡಕಿದೆ. ಬಿಲ್ಲೆಯ ಎರಡೂ ಮುಖಗಳ ಬಲ ಸಮವಾದ ಮೇಲಷ್ಟೇ ಲೆಕ್ಕ ನಂಬಬಹುದು. ಅದಕ್ಕೆ ಅಲೆ ಬಿಲ್ಲೆಯೊಳಗೆ ಹಲವು ಸಲ ಹೋಗಿಬರಬೇಕು. ಅದಕ್ಕೇ ಬಿಲ್ಲೆ ಗಿಡ್ಡ. ರಬ್ಬರಿನಂಥ ಮೆದು ವಸ್ತುವಾದರೆ ಉಕ್ಕಿನ ಸರಳು ಕೆಲಸಕ್ಕೆ ಬಾರದು, ಅಲೆಯ ಬಹುಪಾಲು ವಾಪಸಾಗಿ ದಾಟಿದ್ದು ಕೈಗೇ ಸಿಗುವುದಿಲ್ಲ. ಆಗ ನೈಲಾನ್ ಇಲ್ಲವೆ ಅಲ್ಯೂಮಿನಿಯಂ ಸರಳು. ಕಾಂಕ್ರೀಟಿಗಂತೂ ಒಳಗಿನ ಜಲ್ಲಿಯೇ ದಪ್ಪ, ಬಿಲ್ಲೆಯೂ ಸರಳೂ ಅದಕ್ಕೆ ತಕ್ಕಷ್ಟು ದಪ್ಪವಾಗಲೇಬೇಕು.