ಸರ್ಕಾರ ಕೊಟ್ಟ ಮೂರು ಗಾಲಿ ಸೈಕಲ್‌ನಲ್ಲೇ ಹ್ಯಾಂಡ್‌ಸೈಕ್ಲಿಂಗ್ ಶುರು ಮಾಡಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಮೂರು ವರ್ಷದ ಹಿಂದೆ ಲಾರಿಗೆ ಭತ್ತದ ಚೀಲ ಏರಿಸುವಾಗ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮೊಬೈಲ್‌ನಲ್ಲಿ ಮಲಗಿಕೊಂಡು ಕೈಯಲ್ಲಿ ಓಡಿಸುವ ರೇಸ್ ಸೈಕಲ್ ನೋಡಿದ್ದಾನೆ, ಅದೇ ಬೇಕು ಅಂತಾನೆ. ಮನೆಯಲ್ಲಿರೋದು ಸರ್ಕಾರದಿಂದ ಬಂದ, ಕೈಯಲ್ಲಿ ತಿರುಗಿಸುವ ಮೂರು ಗಾಲಿ ಸೈಕಲ್. ಇದರಲ್ಲೇ ಪ್ರಾಕ್ಟೀಸ್ ಮಾಡಿದರೆ ನಡೆಯುತ್ತಾ?
— ಗಂಗಾವತಿ ಕಡೆಯ ಓದುಗರು

ನಡೆಯುತ್ತೆ. ಆದರೆ ಸ್ಪೀಡಿನ ಯೋಚನೆ ಈಗಲೇ ಬೇಡ. ಮೊದಲು ಭುಜದ ಯೋಚನೆ ಮಾಡಿ.

ಯಾಕೆ ಅಂತ ಹೇಳ್ತೀನಿ. ನಮ್ಮ ಓಣಿಯಲ್ಲಿ ಎಲೆ-ಅಡಿಕೆ ಅಂಗಡಿ ಇಟ್ಟುಕೊಂಡಿದ್ದ ಕಾಕಾ ಒಬ್ಬರಿದ್ದರು. ಚಿಕ್ಕಂದಿನಲ್ಲೇ ಪೋಲಿಯೋ ಆಗಿತ್ತು. ಅವರ ಗಾಡಿಗೆ ಬಲಗಡೆ ತಿರುಗಿಸುವ ಹಿಡಿ, ಎಡಗಡೆ ಹ್ಯಾಂಡಲ್. ಬಲಗೈ ಸುತ್ತುತ್ತಲೇ ಇರಬೇಕು, ಎಡಗೈ ದಾರಿ ನೋಡಿಕೊಳ್ಳಬೇಕು. ಇಪ್ಪತ್ತು ವರ್ಷ ಹಾಗೇ ಓಡಿಸಿದರು. ಕೊನೆಕೊನೆಗೆ ಬಲಗೈ ಎತ್ತಿ ಮೇಲಿನ ಹಲಗೆಯಿಂದ ಸುಣ್ಣದ ಡಬ್ಬಿ ಇಳಿಸೋಕೂ ಆಗುತ್ತಿರಲಿಲ್ಲ. "ಕಾಲು ಮೊದಲ ಹೋಗಿದ್ವು, ಈಗ ಕೈನೂ ಅವುಗಳ ಹಿಂದ ಹೊಂಟೈತಿ ನೋಡಪಾ ತಮ್ಮಾ" ಅನ್ನೋರು. ನಗುತ್ತಲೇ ಅನ್ನೋರು.

ನಿಮ್ಮ ತಮ್ಮನಿಗೆ ಭುಜ ಅಂದರೆ ಬರೀ ಭುಜ ಅಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಮೈ ಎತ್ತಿಕೊಂಡು ಹೋಗೋದು ಅದರ ಮೇಲೇ. ಅಂದಮೇಲೆ ಕಾಲಿನ ಕೆಲಸವೂ ಅದರದ್ದೇ, ಅಲ್ವಾ? ಅದು ಕೆಟ್ಟರೆ ರೇಸ್ ಹಾಗಿರಲಿ, ಮನೆಯೊಳಗಿನ ಓಡಾಟವೂ ನಿಂತುಹೋಗುತ್ತೆ.

ಈಗ ಗಾಡಿಯ ವಿಷಯ. ಒಂದು ಚಾಕ್‌ಪೀಸ್ ತಗೊಳ್ಳಿ. ಹಿಡಿ ಕೆಳಗಿರುವಾಗ ಟೈರ್ ನೆಲಕ್ಕೆ ತಾಗುವ ಕಡೆ ನೆಲದ ಮೇಲೆ ಗೆರೆ ಹಾಕಿ. ಹಿಡಿಯನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿ ಇನ್ನೊಂದು ಗೆರೆ ಹಾಕಿ. ನಡುವಿನ ದೂರ ಅಳೆಯಿರಿ. ಕಾಕಾನ ಗಾಡಿಯಲ್ಲಿ ನಾನು ಅಳೆದಾಗ 2 ಮೀಟರ್‌ಗೆ ಸ್ವಲ್ಪ ಜಾಸ್ತಿ ಬಂತು. ಅಂದರೆ ಹಿಡಿ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ನಿಮಿಷಕ್ಕೆ 60 ಸಲ ತಿರುಗಿಸಿದರೂ ಗಂಟೆಗೆ 7 ಕಿ.ಮೀ. ಚಿಲ್ಲರೆ. ಜೋರಾಗಿ ನಡೆಯುವವನು ಪಕ್ಕದಲ್ಲೇ ಮಾತಾಡುತ್ತಾ ಬರಬಹುದು.

ರೇಸ್ ಹ್ಯಾಂಡ್‌ಸೈಕಲ್‌ಗೆ ಗಿಯರ್ ಇರುತ್ತೆ. ಹಿಡಿಯ ಕಡೆಯ ಹಲ್ಲುಚಕ್ರಕ್ಕೆ 44 ಹಲ್ಲು, ಗಾಲಿಯ ಕಡೆಯ ಸಣ್ಣದಕ್ಕೆ 12 ಹಲ್ಲು ಅಂತಿಟ್ಟುಕೊಳ್ಳಿ. ಗಾಲಿ 26 ಇಂಚಿನದಾದರೆ ಒಂದು ಸುತ್ತಿಗೆ ಏಳೂವರೆ ಮೀಟರ್ ದಾಟುತ್ತೆ. ನಿಮಿಷಕ್ಕೆ 90 ಸುತ್ತು ಹಾಕಿದರೆ ಗಂಟೆಗೆ 40 ಕಿ.ಮೀ. ದೊಡ್ಡ ಸ್ಪರ್ಧಿಗಳು ಸಮತಟ್ಟು ರಸ್ತೆಯಲ್ಲಿ ಓಡಿಸೋದು ಸುಮಾರು ಆ ವೇಗದಲ್ಲೇ. ಆ ಗಾಡಿ 10ರಿಂದ 15 ಕೆ.ಜಿ. ತೂಗಿದರೆ ಹೆಚ್ಚು. ನಮ್ಮ ಮೂರು ಗಾಲಿಯದನ್ನು ಕಟ್ಟೆ ಹತ್ತಿಸಲು ಇಬ್ಬರು ಬೇಕು.

ಇನ್ನೊಂದು ವ್ಯತ್ಯಾಸ ವಿಡಿಯೋದಲ್ಲಿ ತಮ್ಮ ಗಮನಿಸಿರಬಹುದು. ಅದರಲ್ಲಿ ಎರಡೂ ಕೈ ಒಟ್ಟಿಗೇ ಮುಂದೆ ಹೋಗಿ ಒಟ್ಟಿಗೇ ಹಿಂದೆ ಬರುತ್ತವೆ, ಕಾಲಿನ ಪೆಡಲ್ ಥರ ಒಂದು ಮೇಲೆ ಒಂದು ಕೆಳಗೆ ಅಲ್ಲ. ಕಾರಣ ಸರಳ. ತಿರುಗಿಸುವ ಹಿಡಿಯೇ ಅಲ್ಲಿ ಹ್ಯಾಂಡಲ್ ಕೂಡ. ಒಂದು ಕೈ ತಳ್ಳಿ ಇನ್ನೊಂದು ಎಳೆದರೆ ಮುಂದಿನ ಗಾಲಿ ಪ್ರತಿ ಸುತ್ತಿಗೂ ಆ ಕಡೆ ಈ ಕಡೆ ವಾಲುತ್ತೆ. ಇದನ್ನು ನೋಡಿ ನಿಮ್ಮ ಗಾಡಿಯನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಕೆಟ್ಟ ಬೆಸುಗೆ ಬಿಡೋದು ಇಳಿಜಾರಿನಲ್ಲೇ. ಬೇಕಾದರೆ ಬ್ರೇಕ್ ರಬ್ಬರ್ ಹೊಸದು ಹಾಕಿಸಿ, ಚೈನ್‌ಗೆ ಎಣ್ಣೆ ಬಿಡಿಸಿ, ಗಾಲಿಯ ಬೆಂಡ್ ತೆಗೆಸಿ. ರೇಸಿನವರು ಮಲಗಿ ಓಡಿಸೋದು ಗಾಳಿ ತಪ್ಪಿಸೋಕೆ. ವೇಗ ಎರಡರಷ್ಟಾದರೆ ಎದುರು ಗಾಳಿಯ ತಡೆ ನಾಲ್ಕರಷ್ಟು. 7 ಕಿ.ಮೀ. ವೇಗದಲ್ಲಿ ಕೂತರೇನು, ಮಲಗಿದರೇನು!

ಭುಜಕ್ಕೆ ಬರೋಣ. ಸೀಟಿನಿಂದ ಹಿಡಿ ಅತಿ ದೂರ ಹೋದಾಗಲೂ ಮೊಣಕೈ ಸ್ವಲ್ಪ ಮಡಿಚಿರಬೇಕು. ಪೂರ್ತಿ ನೆಟ್ಟಗಾದರೆ ಬೆನ್ನ ಹಿಂದೆ ದಿಂಬು ಕೊಟ್ಟು ಮುಂದೆ ಕೂರಿಸಿ. ಹಿಡಿ ಭುಜಕ್ಕಿಂತ ಮೇಲೆ ಹೋಗಿ ತಿರುಗುತ್ತಿದ್ದರೆ ಸೀಟಿಗೆ ಎತ್ತರ ಬೇಕು. ಸುಮ್ನೆ ತಳ್ಳೋದಷ್ಟೇ ಅಲ್ಲ, ಎಳೆಯೋದೂ ಕಲಿಯಬೇಕು. ಬರೀ ತಳ್ಳುವವರಿಗೆ ಎದೆ ಬಲಿಯುತ್ತೆ, ಬೆನ್ನಿನ ರೆಕ್ಕೆ ಸೋಲುತ್ತೆ, ಭುಜ ಮುಂದಕ್ಕೆ ಬಾಗುತ್ತೆ. ನೋವು ಶುರುವಾಗೋದು ಅಲ್ಲಿಂದಲೇ. ಇದಕ್ಕೆ ಜಿಮ್ ಬೇಡ. ಪಂಕ್ಚರ್ ಅಂಗಡಿಯಲ್ಲಿ ಹಳೇ ಸೈಕಲ್ ಟ್ಯೂಬ್ ಕೇಳಿ, ಕಿಟಕಿ ಸರಳಿಗೆ ಕಟ್ಟಿ, ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಹೊಟ್ಟೆ ಕಡೆಗೆ ಎಳೆಯಲಿ. 15 ಸಲದಂತೆ ಮೂರು ಸುತ್ತು, ಗಾಡಿ ಓಡಿಸದ ದಿನ. ಒಂದೇ ಕಡೆ ಹಿಡಿ ಇರುವ ಗಾಡಿಯಾದರೆ ಇನ್ನೊಂದು ಕೈಗೆ ಒಂದು ಸುತ್ತು ಜಾಸ್ತಿ.

ಇದಕ್ಕಿಂತ ಹೆದರಬೇಕಾದದ್ದು ನಮ್ಮ ಬಿಸಿಲಿಗೆ. ಬೆನ್ನುಹುರಿ ಪೆಟ್ಟಾದವರಿಗೆ ಪೆಟ್ಟಾದ ಜಾಗದಿಂದ ಕೆಳಗೆ ಬೆವರು ಸರಿಯಾಗಿ ಬರೋದಿಲ್ಲ. ಬೆವರದ ಮೈ ತಣಿಯೋದೂ ಇಲ್ಲ. ಗಂಗಾವತಿಯ ಏಪ್ರಿಲ್ ಬಿಸಿಲಲ್ಲಿ ಬೇರೆಯವರಿಗೆ ಬರೀ ಸುಸ್ತಾದರೆ ಇವರಿಗೆ ತಲೆ ಸುತ್ತಿ ಜ್ವರ ಏರಬಹುದು. ಬೆಳಿಗ್ಗೆ 7ರೊಳಗೆ ಮುಗಿಸಿ. ಕುತ್ತಿಗೆಗೆ ಒದ್ದೆ ಟವಲ್, ಕೈಯಲ್ಲಿ ನೀರು ಚಿಮುಕಿಸುವ ಬಾಟಲ್ ಇರಲಿ. ಎಷ್ಟು ಜೋರು ಅನ್ನೋದಕ್ಕೆ ವಾಚಿನ ನಾಡಿ ಲೆಕ್ಕವನ್ನೇ ನಂಬಬೇಡಿ. ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಎಷ್ಟು ದುಡಿದರೂ ಎದೆಬಡಿತ ಅಷ್ಟಾಗಿ ಏರೋದಿಲ್ಲ. ಓಡಿಸುತ್ತಾ ಎರಡು ಮಾತು ಪೂರ್ತಿ ಆಡಲಿಕ್ಕೆ ಆಗುತ್ತಾ ನೋಡಿ, ಆಗುತ್ತಿದ್ದರೆ ಅದೇ ಸರಿಯಾದ ವೇಗ.

ಸೀಟಿನ ಮೇಲೆ ಒಳ್ಳೆ ಕುಶನ್ ಬೇಕು. 15-20 ನಿಮಿಷಕ್ಕೊಮ್ಮೆ ಗಾಡಿ ನಿಲ್ಲಿಸಿ, ಕೈ ಊರಿ ಕುಂಡೆ ಎತ್ತಿ ಸ್ವಲ್ಪ ಹೊತ್ತು ಇರಲಿ. ನೋವೇ ಗೊತ್ತಾಗದ ಚರ್ಮ ಒಳಗೊಳಗೇ ಹುಣ್ಣಾಗುತ್ತೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ರಾತ್ರಿ ಕನ್ನಡಿ ಹಿಡಿದು ನೋಡಿಕೊಳ್ಳಲಿ. ಕೆಂಪು ಕಂಡು, ಬೆಳಿಗ್ಗೆಗೂ ಹೋಗದಿದ್ದರೆ ಅವತ್ತು ಗಾಡಿ ಬೇಡ, ಡಾಕ್ಟರಿಗೆ ತೋರಿಸಿ. ಪಾದಗಳನ್ನು ಪಟ್ಟಿ ಹಾಕಿ ಕಟ್ಟಿ. ಒಂದು ಪಾದ ಜಾರಿ ರಸ್ತೆಗೆ ಉಜ್ಜುತ್ತಿದ್ದರೂ ಅವನಿಗೆ ತಿಳಿಯೋದಿಲ್ಲ.

ಎಲ್ಲಿ ಓಡಿಸೋದು? ಮುನಿರಾಬಾದಿನಿಂದ ಬರುವ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ರಸ್ತೆ ನಿಮಗೆ ಗೊತ್ತೇ ಇದೆ. ಕಾಲುವೆ ನೀರು ನಿಧಾನಕ್ಕೆ ಇಳಿಯಬೇಕಾದ್ದರಿಂದ ದಂಡೆಯೂ ಹೆಚ್ಚುಕಡಿಮೆ ಸಮತಟ್ಟು. ಆದರೆ ತಡೆಗೋಡೆ ಇರುವ, ಡಾಂಬರು ಹಾಕಿದ ಕಡೆ ಮಾತ್ರ ಹೋಗಿ, ಜೊತೆಗೊಬ್ಬರು ಇರಲೇಬೇಕು. ಮಳೆ ಬಂದ ಮರುದಿನ ಎರೆ ಮಣ್ಣಿನ ದಾರಿ ಬೇಡ, ಗಾಲಿಗೆ ಮೆತ್ತಿಕೊಂಡರೆ ಎತ್ತಿನ ಬಂಡಿಯೇ ನಿಲ್ಲುತ್ತೆ. ಸುಗ್ಗಿಯಲ್ಲಿ ಅರ್ಧ ರಸ್ತೆ ಭತ್ತ ಒಣಗಿಸೋಕೇ ಹೋಗುತ್ತಲ್ಲ, ಆಗ ಗಾಡಿಗೆ ಉದ್ದ ಬಿದಿರು ಕಟ್ಟಿ ಕೆಂಪು ಬಟ್ಟೆ ಹಾರಿಸಿ. ಟ್ರ್ಯಾಕ್ಟರ್ ಮೇಲಿರುವವನಿಗೆ ಕೆಳಗಿನ ಗಾಡಿ ಕಾಣೋದಿಲ್ಲ.

ತಮ್ಮ ರೇಸ್ ಸೈಕಲ್ಲೇ ಬೇಕು ಅಂತಾನಲ್ಲ, ರೇಸಿನ ವಿಷಯವನ್ನೂ ಹೇಳ್ತೀನಿ. ಸ್ಪರ್ಧೆಯಲ್ಲಿ ಮೈಯ ಸ್ವಾಧೀನ ಎಷ್ಟಿದೆ ಅನ್ನೋದರ ಮೇಲೆ ಎಚ್1ರಿಂದ ಎಚ್5ರವರೆಗೆ ಐದು ವರ್ಗ. ಮೊದಲ ನಾಲ್ಕರಲ್ಲಿ ಮಲಗಿ ಓಡಿಸುತ್ತಾರೆ, ಎಚ್5ರಲ್ಲಿ ಮಂಡಿಯೂರಿ. ನಿಮ್ಮ ತಮ್ಮನಂಥವರು ಸಾಮಾನ್ಯವಾಗಿ ಎಚ್3 ಅಥವಾ ಎಚ್4ಕ್ಕೆ ಬೀಳುತ್ತಾರೆ, ಪರೀಕ್ಷೆ ಮಾಡಿ ತೀರ್ಮಾನಿಸೋದು ಅಲ್ಲಿನ ಪರಿಣತರು. ಪ್ಯಾರಾಲಿಂಪಿಕ್ಸ್‌ಗೆ ಈ ಆಟ ಬಂದದ್ದು 2004ರ ಅಥೆನ್ಸ್‌ನಲ್ಲಿ. ಹಿಂದೆ ಫಾರ್ಮುಲಾ ಒನ್ ರೇಸ್ ಕಾರು ಓಡಿಸುತ್ತಿದ್ದ ಇಟಲಿಯ ಅಲೆಕ್ಸ್ ಜನಾರ್ಡಿ 2001ರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡು, 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಆ ರೇಸ್ ನಡೆದದ್ದು ಬ್ರ್ಯಾಂಡ್ಸ್ ಹ್ಯಾಚ್ ಎಂಬ ಕಾರ್ ರೇಸ್ ಟ್ರ್ಯಾಕಿನಲ್ಲೇ! ಒಂದು ತಮಾಷೆಯೂ ಇದೆ. ಮಲಗಿ ತುಳಿಯುವ ಸೈಕಲ್ ತುಂಬಾ ವೇಗ ಅಂತ 1934ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅದನ್ನು ರೇಸಿನಿಂದ ಹೊರಗಿಟ್ಟಿತು. ಮಲಗಿ ಓಡಿಸುವ ಹ್ಯಾಂಡ್‌ಸೈಕಲ್ ರೇಸುಗಳಿಗೆ ಈಗ ನಿಯಮ ಬರೆಯೋದು ಅದೇ ಒಕ್ಕೂಟ.

ರೇಸ್ ಗಾಡಿ ಲಕ್ಷಗಳ ಮಾತು, ಈಗಲೇ ಸಾಲ ಮಾಡಬೇಡಿ. ಹಾಗಂತ ಮನೆಯ ಗಾಡಿಯನ್ನು ಕಡೆಗಣಿಸಲೂಬೇಡಿ. ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿಯನ್ನು 1655ರಲ್ಲೇ ಜರ್ಮನಿಯ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರದ ಕೆಲಸದವನು ತನಗೋಸ್ಕರ ಮಾಡಿಕೊಂಡಿದ್ದ. ಅವನಿಗೂ ಕಾಲಲ್ಲಿ ನಡೆಯೋಕೆ ಆಗುತ್ತಿರಲಿಲ್ಲ.

ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಒಮ್ಮೆ ಭುಜ ತೋರಿಸಿ, ಆಮೇಲೆ ವಾರಕ್ಕೆ ಮೂರು ದಿನ, 20 ನಿಮಿಷದಿಂದ ಶುರು ಮಾಡಿ. ವಾರಕ್ಕೆ ಐದೈದು ನಿಮಿಷ ಏರಿಸಿ. ಭುಜ ರಾತ್ರಿ ನಿದ್ದೆ ಕೆಡಿಸಿದರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಸಿ. ಎರಡು ತಿಂಗಳಾದ ಮೇಲೆ ಚಾಕ್‌ಪೀಸಿನ ಅಳತೆ, ಎಷ್ಟು ನಿಮಿಷ, ಎಷ್ಟು ದೂರ ಅಂತ ಬರೆದು ಕಳಿಸಿ. ಗಿಯರಿನ ಮಾತು ಆಗ ಆಡೋಣ.