ದೋಸೆಯ ಬೆಣ್ಣೆ ತಲುಪದ ಜಾಗ

ಬೆಣ್ಣೆ ದೋಸೆಯನ್ನು ಸಮರ್ಥಿಸಿಕೊಳ್ಳಲು ದಾವಣಗೆರೆಯವರಿಗೆ ಕಾರಣಗಳ ಬರವಿಲ್ಲ. ಈಗ ಅದಕ್ಕೆ ವಿಜ್ಞಾನವೂ ಸೇರಿಕೊಂಡಿದೆ: ಬೆಣ್ಣೆಯಲ್ಲಿ ಕರುಳಿಗೆ ಹಿತವಾದ ಬ್ಯುಟಿರಿಕ್ ಆಮ್ಲವಿದೆ, ಹುಳಿ ಬಂದ ಹಿಟ್ಟಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ ಎಂಬ ವಾದ. ಎರಡೂ ಅರ್ಧ ನಿಜ. ಹಿಟ್ಟು ಹುದುಗಿಸುವ ಲ್ಯೂಕೊನೊಸ್ಟಾಕ್ ಮುಂತಾದವು ಸೌದೆ ಒಲೆಯ ಮೇಲೆ ಕಾದ ಹಂಚಿನಲ್ಲೇ ಸಾಯುತ್ತವೆ. ಬೆಣ್ಣೆಯ ಕೊಬ್ಬಿನಲ್ಲಿ ಶೇ. 3–4ರಷ್ಟು ಬ್ಯುಟಿರಿಕ್ ಆಮ್ಲ ಇರುವುದು ಹೌದು. ಹಳತಾದ ಬೆಣ್ಣೆ ಕಮಟು ಹೊಡೆಯುವುದೂ ಮುಖ್ಯವಾಗಿ ಅದರಿಂದಲೇ. ಆದರೆ ಅದು ಜಠರ, ಸಣ್ಣ ಕರುಳು ದಾಟುವುದರೊಳಗೆ ರಕ್ತ ಸೇರಿ ಯಕೃತ್ತಿನಲ್ಲಿ ಖರ್ಚಾಗಿಬಿಡುತ್ತದೆ. ಅದು ನಿಜವಾಗಿ ಬೇಕಾಗಿರುವುದು ಇನ್ನೂ ಕೆಳಗೆ, ದೊಡ್ಡ ಕರುಳಿನಲ್ಲಿ.

ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳು ತಮಗೆ ಬೇಕಾದ ಶಕ್ತಿಯ ಶೇ. 60–70ರಷ್ಟನ್ನು ಬ್ಯುಟಿರೇಟ್‌ನಿಂದಲೇ, ಅಂದರೆ ಇದೇ ಬ್ಯುಟಿರಿಕ್ ಆಮ್ಲದ ಲವಣ ರೂಪದಿಂದಲೇ ಪಡೆಯುತ್ತವೆ. ಅದನ್ನು ಅಲ್ಲೇ ತಯಾರಿಸಿಕೊಡುವವುಗಳಲ್ಲಿ ಪ್ರಮುಖವಾದದ್ದು ಲ್ಯಾಕ್ನೋಸ್ಪಿರೇಸಿ ಎಂಬ ಬ್ಯಾಕ್ಟೀರಿಯಾ ಕುಟುಂಬ. ಆರೋಗ್ಯವಂತರ ದೊಡ್ಡ ಕರುಳಿನಲ್ಲಿ ಹೇರಳವಾಗಿರುವ ಕುಟುಂಬಗಳಲ್ಲಿ ಇದೂ ಒಂದು. ಇದರ ಸದಸ್ಯ ರೋಸ್‌ಬುರಿಯಾವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಸು ಬಾಗಿದ ಕಡ್ಡಿಯ ಆಕಾರ, ಒಂದು ಪಕ್ಕದಲ್ಲಿ ಚಾವಟಿಯಂಥ ಎಳೆಗಳಾದ ಕಶಾಂಗಗಳ ಗೊಂಚಲು. ಆ ಗೊಂಚಲನ್ನು ಬೀಸುತ್ತ ಲೋಳೆಯ ನಡುವೆ ಈಜುತ್ತದೆ. ನಾವು ಜೀರ್ಣಿಸಿಕೊಳ್ಳಲಾಗದ ನಾರು ಮತ್ತು ಪಿಷ್ಟವೇ ಇದರ ಊಟ. ಅನೇರೊಸ್ಟೈಪಿಸ್ ಎಂಬ ಇನ್ನೊಂದು ಸದಸ್ಯ ಕರುಳಿನ ಬೇರೆ ನಿವಾಸಿಗಳಾದ ಬೈಫಿಡೊಬ್ಯಾಕ್ಟೀರಿಯಾಗಳು ಬಿಟ್ಟ ಲ್ಯಾಕ್ಟೇಟ್ (ಹುಳಿ ಮೊಸರಿನ ಆಮ್ಲದ ಲವಣ) ತಿಂದು ಬ್ಯುಟಿರೇಟ್ ಮಾಡುತ್ತದೆ.

ಇಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಆಮ್ಲಜನಕದ ವ್ಯವಹಾರ. ಈ ಕುಟುಂಬಕ್ಕೆ ಆಮ್ಲಜನಕವೆಂದರೆ ವಿಷ. ಕರುಳಿನ ಗೋಡೆಯಲ್ಲಿ ರಕ್ತನಾಳಗಳಿವೆ, ಅಲ್ಲಿಂದ ಆಮ್ಲಜನಕ ಒಳಕ್ಕೆ ಸೋರುವುದು ಸಹಜ. ಆದರೆ ಬ್ಯುಟಿರೇಟ್ ಉರಿಸಲು ಗೋಡೆಯ ಕೋಶಗಳಿಗೆ ಆಮ್ಲಜನಕ ಬೇಕು. ಹೆಚ್ಚು ಉರಿಸಿದಷ್ಟೂ ಒಳಗೆ ಸೋರುವುದು ಕಡಿಮೆ. ಹೀಗೆ ಬ್ಯಾಕ್ಟೀರಿಯಾ ಕೊಟ್ಟ ಇಂಧನವೇ ಬ್ಯಾಕ್ಟೀರಿಯಾದ ಜೀವ ಕಾಯುತ್ತದೆ. ಬ್ಯುಟಿರೇಟ್ ಕಡಿಮೆಯಾದರೆ ಕೋಶಗಳು ಗ್ಲೂಕೋಸಿನತ್ತ ತಿರುಗುತ್ತವೆ, ಆಮ್ಲಜನಕ ಒಳಗೆ ಉಳಿಯುತ್ತದೆ. ಆಗ ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬದುಕಬಲ್ಲ ಎಂಟೆರೊಬ್ಯಾಕ್ಟೀರಿಯೇಸಿ ಕುಟುಂಬ ತಲೆ ಎತ್ತುತ್ತದೆ. ಇ. ಕೋಲಿ, ಸಾಲ್ಮೊನೆಲ್ಲಾ, ಕ್ಲೆಬ್ಸಿಯೆಲ್ಲಾ ಎಲ್ಲವೂ ಆ ಮನೆತನದವೇ. ಆ್ಯಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಸಾಲ್ಮೊನೆಲ್ಲಾದಂಥ ಸೋಂಕುಗಳಿಗೆ ದಾರಿ ಸಲೀಸಾಗುವುದಕ್ಕೆ ಇದೂ ಒಂದು ಕಾರಣ. ಬ್ಯುಟಿರೇಟ್ ಉರಿಯೂತವನ್ನು ತಡೆಹಿಡಿಯುವ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನೂ ಹೆಚ್ಚಿಸುತ್ತದೆ ಎಂಬುದನ್ನು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು.

ಹಾಗಾದರೆ ಔಷಧದಂಗಡಿಯ ಪ್ರೋಬಯಾಟಿಕ್ (ಹಿತಕರ ಬ್ಯಾಕ್ಟೀರಿಯಾ ತುಂಬಿದ) ಮಾತ್ರೆಯಲ್ಲಿ ಇವು ಏಕಿಲ್ಲ? ಗಾಳಿ ಸೋಕಿದರೆ ಸಾಯುವ ಜೀವಿಯನ್ನು ಬೆಳೆಸಿ ಡಬ್ಬಿಗೆ ತುಂಬುವುದು ಕಷ್ಟ. ಸುಲಭವಾಗಿ ಬೆಳೆಯುವ ಲ್ಯಾಕ್ಟೊಬ್ಯಾಸಿಲಸ್‌ಗಳನ್ನು ತುಂಬಿ ಮಾರುತ್ತಾರೆ. ದೊಡ್ಡ ಕರುಳಿನ ಜನಸಂಖ್ಯೆಯಲ್ಲಿ ಅವುಗಳ ಪಾಲು ಸಾಮಾನ್ಯವಾಗಿ ಅತ್ಯಲ್ಪ. ಜಾಹೀರಾತಿನ ಅಬ್ಬರಕ್ಕೂ ಈ ಲೆಕ್ಕಕ್ಕೂ ತಾಳಮೇಳವಿಲ್ಲ. ಲ್ಯಾಕ್ನೋಸ್ಪಿರೇಸಿ ಕುಟುಂಬದ ಹಲವು ಸದಸ್ಯರು ಗಟ್ಟಿ ಹೊದಿಕೆಯ ಬೀಜಕಣಗಳಾಗಿ ಗಾಳಿಯನ್ನು ತಡೆದುಕೊಳ್ಳಬಲ್ಲವು ಎಂಬುದೊಂದು ಆಸರೆ. ದಾನಿಗಳ ಮಲದಿಂದ ಶುದ್ಧೀಕರಿಸಿದ ಇಂಥ ಬೀಜಕಣಗಳ ಮಾತ್ರೆಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ತೀವ್ರ ಭೇದಿ ತರುವ, ಮರುಕಳಿಸುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾ ಸೋಂಕಿಗೆ ಮಾತ್ರ, ಎಲ್ಲ ಹೊಟ್ಟೆನೋವಿಗೂ ಅಲ್ಲ.

ಕುಟುಂಬವನ್ನು ಸಾರಾಸಗಟಾಗಿ ಹೊಗಳುವಂತೆಯೂ ಇಲ್ಲ. ಇದೇ ವಂಶದ ರುಮಿನೊಕಾಕಸ್ ನೇವಸ್ ಎಂಬ ಬ್ಯಾಕ್ಟೀರಿಯಾ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯವರಲ್ಲಿ ಹೆಚ್ಚಾಗಿರುತ್ತದೆ, ಉರಿಯೂತ ಕೆರಳಿಸುವ ಸಕ್ಕರೆ ಸರಪಳಿಯನ್ನೂ ತಯಾರಿಸುತ್ತದೆ.

ಉಳಿದಂತೆ ಇವನ್ನು ಸಾಕುವ ದಾರಿ ಊಟದ್ದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಜೋಳದಲ್ಲಿ 10, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಭದ್ರಾ ನಾಲೆಯ ನೀರು ಹರಿದ ಊರುಗಳಲ್ಲಿ ಭತ್ತ ಬಂದು ತಟ್ಟೆಗೆ ಅನ್ನ ಬಂತು. ಚಳ್ಳಕೆರೆ, ಮೊಳಕಾಲ್ಮೂರಿನ ಒಣ ಹೊಲಗಳ ರಾಗಿ, ನವಣೆ, ಹುರುಳಿಯನ್ನು ಬಡವರ ಊಟವೆಂದು ಮೂಗು ಮುರಿದದ್ದೂ ಉಂಟು. ಈ ಬ್ಯಾಕ್ಟೀರಿಯಾಗಳ ಕಣ್ಣಿನಲ್ಲಿ ಮುದ್ದೆ ಮತ್ತು ಹುರುಳಿ ಸಾರಿನ ಊಟವೇ ಸಿರಿವಂತರದು. ಅನ್ನವನ್ನೇ ಬಿಡಲಾಗದವರಿಗೂ ಒಂದು ಚೂರು ಸಮಾಧಾನವಿದೆ: ಬೇಯಿಸಿ ತಣ್ಣಗಾದ ಅನ್ನದ ಪಿಷ್ಟದಲ್ಲಿ ಒಂದಿಷ್ಟು ಜೀರ್ಣವಾಗದ ರೂಪಕ್ಕೆ ತಿರುಗಿ ದೊಡ್ಡ ಕರುಳನ್ನು ಮುಟ್ಟುತ್ತದೆ.

ಆದರೆ ಇದನ್ನು ಓದಿ ನಾಳೆಯಿಂದಲೇ ಮೂರು ಹೊತ್ತೂ ಮುದ್ದೆ, ಕಾಳು ಎಂದು ಹೊರಟರೆ ಹೊಟ್ಟೆ ಉಬ್ಬರಿಸುವುದು ಖಂಡಿತ. ನಾರು ಹುದುಗುವಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ. ವಾರಗಟ್ಟಲೆ ಸಮಯ ಕೊಟ್ಟು ನಿಧಾನವಾಗಿ ಹೆಚ್ಚಿಸುವುದು ಮೇಲು. ಹುಟ್ಟಿದ ಹೈಡ್ರೋಜನ್ನಿನಲ್ಲಿ ಒಂದಿಷ್ಟನ್ನು ಕರುಳಿನೊಳಗೇ ತಿಂದು ಅಸಿಟೇಟ್ ಆಗಿಸುವ ಬ್ಯಾಕ್ಟೀರಿಯಾವೂ ಉಂಟು: ಬ್ಲಾಟಿಯಾ ಹೈಡ್ರೋಜನೋಟ್ರೋಫಿಕಾ. ಅದೂ ಲ್ಯಾಕ್ನೋಸ್ಪಿರೇಸಿಯದೇ ಕುಡಿ.